ಲೇವಲ್ ಪೈಪಿನ ಇನ್ನೊಂದು ತುದಿ

ಸಾವಂತ್ರೆವ್ವ ಶಿವನ ಪಾದ ಸೇರಿ ಮೂರು ತಿಂಗಳಾಗಿತ್ತು. ಗಂಡ ಗಂಗಪ್ಪ ಈಗಲೂ ನಸುಕಿನಲ್ಲಿ ಎದ್ದು, ಹಣೆಗೆ ವಿಭೂತಿ ಹಚ್ಚಿಕೊಂಡು, ಝುವಾರಿನಗರದಿಂದ ದಾಬೋಲಿಮ್‌ನ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಹೋಗದೆ ಇದ್ದು ಮಾಡುವುದಾದರೂ ಏನಿತ್ತು?

ಅವನು ಗೌಂಡಿ. ಇಪ್ಪತ್ತು ವರ್ಷ ಅವನು ಕಟ್ಟಿದ ಪ್ರತಿಯೊಂದು ಗೋಡೆಗೂ ಲೇವಲ್ ಪೈಪಿನ ಇನ್ನೊಂದು ತುದಿ ಹಿಡಿದವಳು ಅವಳು. ಒಳಗಿನ ನೀರು ಕಾಣುವ ಉದ್ದನೆಯ ಬಿಳಿ ಪೈಪು ಅದು. ಎರಡು ತುದಿಗಳಲ್ಲಿ ನೀರು ತುಯ್ದಾಡಿ ಕೊನೆಗೆ ಒಂದೇ ಮಟ್ಟಕ್ಕೆ ಬಂದಾಗ ಅವಳು ಗೋಡೆಯ ಆಚೆಯಿಂದ ಕೂಗುತ್ತಿದ್ದಳು: “ನಿಂತತ್ರೀ!” ಅವನು ಗುರುತು ಹಾಕುತ್ತಿದ್ದ.

ಹೋದ ವಾರ ಅವನು ಕಟ್ಟಿದ ಗೋಡೆಯ ಮಟ್ಟ ತಪ್ಪಿದೆಯೆಂದು ಸುಪರ್‌ವೈಜರ್ ಕೆಡವಲು ಹೇಳಿದ. ಗಂಗಪ್ಪ ತಾನೇ ಕೆಡವಿದ.

ಊರಲ್ಲಿ, ಹುನಗುಂದದ ಕಡೆ, ಅವನಿಗೂ ತಮ್ಮ ಭೀಮಶಿಗೂ ಒಂದೇ ಇಳಿಜಾರಿನಲ್ಲಿ ಪಕ್ಕಪಕ್ಕದ ಎರೆಹೊಲಗಳಿದ್ದವು. ನಡುವೆ ಒಂದು ಬದು. ಬಿದ್ದ ಮಳೆ ಮೇಲ್ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರುತ್ತಿತ್ತು. “ನಮ್ಮೂರಾಗ ಮಳಿ ಕಡಿಮಿ ಅಲ್ರೀ, ನಿಲ್ಲೂದು ಕಡಿಮಿ” ಎಂದು ಸಾವಂತ್ರೆವ್ವ ಹೇಳುತ್ತಿದ್ದಳು. ಮೂರು ವರ್ಷದ ಹಿಂದೆ ಗಂಗಪ್ಪ ಕಣ್ಣಂದಾಜಿನ ಮೇಲೆ ತನ್ನ ಹೊಲಕ್ಕೆ ಅಡ್ಡಲಾಗಿ ಒಡ್ಡು ಹಾಕಿ, ಬದುವಿನ ತನಕ ತಂದು ನಿಲ್ಲಿಸಿದ. ನೀರು ಒಡ್ಡಿನ ತುದಿಯನ್ನು ಸುತ್ತಿ ಭೀಮಶಿಯ ಹೊಲಕ್ಕೆ ನುಗ್ಗಿತು. ಬಿತ್ತಿದ ತೊಗರಿ ತೊಳೆದು ಹೋಯಿತು. ಅಣ್ಣ ಬೇಕೆಂದೇ ಮಾಡಿದನೆಂದು ತಮ್ಮ ಮಾತು ಬಿಟ್ಟ.

ಅಂದಿನಿಂದ ಬದುವಿನ ಗುಂಟ ಒಂದು ಕೊರಕಲು ಬೆಳೆಯುತ್ತಿತ್ತು. ಬದುವಿನ ಬನ್ನಿಗಿಡದ ಕೆಳಗೆ ತನ್ನನ್ನು ಮಣ್ಣು ಮಾಡಬೇಕೆಂದು ಕೇಳಿಕೊಂಡಿದ್ದವಳು ಸಾವಂತ್ರೆವ್ವನೇ. ಈಗ ಅವಳಿಗೂ ಆ ಕೊರಕಲಿಗೂ ನಡುವೆ ನಾಲ್ಕು ಹೆಜ್ಜೆ ನೆಲ ಉಳಿದಿತ್ತು. ರೋಹಿಣಿ ಮಳೆ ಕೂಡಲು ಹತ್ತು ದಿನವಿತ್ತು.

ರವಿವಾರ ಬೆಳಿಗ್ಗೆ ಗಂಗಪ್ಪ ಪೈಪಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಎರಡು ಓಣಿ ದಾಟಿ ತಮ್ಮನ ಮನೆಗೆ ಹೋದ. ಭೀಮಶಿಯೂ ಇದೇ ಝುವಾರಿನಗರದಲ್ಲಿದ್ದ ಗೌಂಡಿಯೇ. ಮೆಟ್ಟಿಲ ಮೇಲೆ ಕೂತು ಗಡ್ಡ ಮಾಡಿಕೊಳ್ಳುತ್ತಿದ್ದ.

“ಏನಣ್ಣಾ, ಪೈಪ್ ಹೊತಗೊಂಡ ಬಂದಿ? ನಮ್ಮ ಮನಿಗೆ ನಳಾ ಜೋಡಸಾಕ ಬಂದೇನು?”

“ಅಣಕಸಬ್ಯಾಡೋ. ಬುಧವಾರ ಊರಿಗೆ ಹೊಂಟೇನಿ. ಒಡ್ಡ ಹಾಕಬೇಕು.”

“ನಮ್ಮ ತೊಗರಿ ತೊಳದದ್ದ ಸಾಲಲಿಲ್ಲೇನು?”

ಭೀಮಶಿಯ ಹೆಂಡತಿ ನಂದಾ ಒಳಗಿನಿಂದ ಹೇಳಿದಳು: “ಭಾವಾರ, ಬರ್ರಿ, ಚಾ ಇಡತೇನಿ. ಇವರದು ಬರೇ ಬಾಯಿ.”

ಗಂಗಪ್ಪ ನಿಂತೇ ಇದ್ದ. “ಒಬ್ಬನ ಹೊಲದಾಗ ಹಾಕಿದರ ನೀರ ತುದಿ ಸುತ್ತತೈತಿ. ನನ್ನ ಹೊಲದಿಂದ ನಿನ್ನ ಹೊಲದ ಆಚಿ ಬದುವಿನ ತನಕಾ ಒಂದ ಮಟ್ಟದಾಗ ಹೋಗಬೇಕು. ಇಬ್ಬರಿಗೂ ಹಸಿ ಉಳೀತೈತಿ, ಹಿಂಗಾರಿ ಜೋಳಕ್ಕ ಬರತೈತಿ.” ಸುರುಳಿಯನ್ನು ಹೆಗಲಿನಿಂದ ಇಳಿಸಿದ. “ನಿಮ್ಮ ವೈನಿ ಅಲ್ಲಿ ಬನ್ನಿಗಿಡದ ಬುಡಕ್ಕ ಮಲಗ್ಯಾಳೋ.”

ಭೀಮಶಿಯ ಕೈ ಗದ್ದದ ಮೇಲೆ ನಿಂತಿತು. “ವೈನಿ ಮಾತ ಬ್ಯಾರೆ. ನೀ ಆವತ್ತ ಬೇಕಂತನ ನೀರ ತಿರವಿದಿ.”

“ಇಲ್ಲೋ. ಕಣ್ಣಿಗೆ ಬದು ಎತ್ತರ ಕಂಡತು.”

“ಹಂಗಾರ ಹೇಳು. ಈ ಮೆಟ್ಟಲಾ ಎತ್ತರೋ, ಆ ನಳದ ಕಟ್ಟಿ ಎತ್ತರೋ?”

ಗಂಗಪ್ಪ ಓಣಿಯ ಉದ್ದಕ್ಕೂ ನೋಡಿದ. “ನಳದ ಕಟ್ಟಿ.”

“ನೋಡಿದ್ಯಾ? ಕುರುಡಗೂ ಕಾಣತೈತಿ. ಇಷ್ಟ ಚಲೋ ಕಣ್ಣ ಇದ್ದಾವಗ ಆವತ್ತ ಕಾಣಲಿಲ್ಲೇನು?”

ಗಂಗಪ್ಪ ಸುರುಳಿ ಬಿಚ್ಚಿದ. ಪೈಪಿನ ಒಂದು ತುದಿಯನ್ನು ತಮ್ಮನಿಗೆ ಕೊಟ್ಟ. “ಹಿಡದ ನೋಡೂಣು.”

ಭೀಮಶಿ ಪೈಪನ್ನು ಬೆಳಕಿಗೆ ಎತ್ತಿದ. “ಇದರಾಗ ಗಾಳಿ ಐತಲ್ಲೋ! ಕಡ್ಲಿಕಾಳಿನಷ್ಟ ಐತಿ. ಗಾಳಿ ಹೊಕ್ಕರ ಪೈಪ್ ಸುಳ್ಳ ಹೇಳತೈತಿ. ನಿನಗ ನಾ ಹೇಳಬೇಕೇನು?”

ಗಂಗಪ್ಪ ಆ ಗುಳ್ಳೆಯನ್ನೇ ನೋಡಿದ. ದಿನಾ ಬೆಳಿಗ್ಗೆ ಸಾವಂತ್ರೆವ್ವ ಪೈಪನ್ನು ತೊಡೆಯ ಮೇಲೆ ಹಾಕಿಕೊಂಡು ಉಗುರಿನಿಂದ ಬಡಿಯುತ್ತಿದ್ದಳು. ಅದೊಂದು ಕೆಲಸವೆಂದು ಅವನಿಗೆ ಇಪ್ಪತ್ತು ವರ್ಷ ಹೊಳೆದಿರಲಿಲ್ಲ. ಹೋದ ವಾರ ಕೆಡವಿದ ಗೋಡೆ ಏಕೆ ಮಟ್ಟ ತಪ್ಪಿತ್ತೆಂದು ಈಗ ಅರ್ಥವಾಯಿತು.

ಭೀಮಶಿ ಬೈಯುತ್ತಲೇ ಬಡಿದು ಬಡಿದು ಗಾಳಿ ತೆಗೆದ. ತನ್ನ ತುದಿಯ ನೀರನ್ನು ಮೆಟ್ಟಿಲ ಅಂಚಿಗೆ ಸರಿಯಾಗಿ ಹಿಡಿದ. ಗಂಗಪ್ಪ ಇನ್ನೊಂದು ತುದಿಯೊಂದಿಗೆ ನಳದ ಹತ್ತಿರ ಹೋದ. ಕೊಡ ಹಿಡಿದ ಹೆಂಗಸರು ಸರಿದು ಜಾಗ ಬಿಟ್ಟರು. ನೀರು ಏರಿತು, ಇಳಿಯಿತು, ಮತ್ತೆ ಸ್ವಲ್ಪ ಏರಿತು. ಗಂಗಪ್ಪ ಕಿವಿಗೊಟ್ಟು ಕಾಯುತ್ತ ನಿಂತ.

“ಏ ಅಣ್ಣಾ, ನಿದ್ದಿ ಹತ್ತಿತೇನು? ಯಾವಾಗೋ ನಿಂತತಲ್ಲೋ!”

ಗಂಗಪ್ಪ ಬಾಗಿ ನೋಡಿದ. ನೀರು ಕಟ್ಟೆಗಿಂತ ಒಂದು ಗೇಣು ಮೇಲೆ ನಿಂತಿತ್ತು. ಮೆಟ್ಟಿಲೇ ಎತ್ತರ.

ತನ್ನ ತುದಿಯನ್ನು ನಂದಾಳ ಕೈಗೆ ಕೊಟ್ಟು ಭೀಮಶಿ ತಾನೇ ಬಂದು ಗೇಣಿಟ್ಟು ನೋಡಿದ. ಅರ್ಧ ಗಡ್ಡದ ಸೋಪು ಒಣಗಿತ್ತು. ಮತ್ತೊಮ್ಮೆ ಗೇಣಿಟ್ಟು ಹೇಳಿದ: “ನನ್ನ ಕಣ್ಣೂ ಕಟ್ಟೀನ ಎತ್ತರ ಅಂದಿತ್ತು.”

“ಮೂರ ವರ್ಷ ಅದನ್ನ ಹೇಳಾಕತ್ತೇನಿ, ಭಾವಾರು ಬೇಕಂತ ಮಾಡಿಲ್ಲಂತ” ಎಂದು ನಂದಾ ಮೆಟ್ಟಿಲಿನಿಂದಲೇ ಕೂಗಿದಳು. “ಪೈಪಿನ ಮಾತ ಕೇಳತಾರ, ಹೆಂಡತಿ ಮಾತ ಕೇಳಂಗಿಲ್ಲ!”

ಅಣ್ಣತಮ್ಮಂದಿರು ಮೆಟ್ಟಿಲ ಮೇಲೆ ಕೂತು ಚಹಾ ಕುಡಿದರು. ಭೀಮಶಿ ಪೈಪನ್ನು ಸುತ್ತಿ ತನ್ನ ಪಕ್ಕದಲ್ಲಿ ಇಟ್ಟುಕೊಂಡಿದ್ದ.

“ಬುಧವಾರ ಯಾವ ಗಾಡಿಗೆ?” ಎಂದ. “ನನ್ನ ಹೊಲದಾಗ ಗೂಟಾ ನಾನ ಬಡೀತೇನಿ.”

ಗಂಗಪ್ಪ ತಲೆಯಾಡಿಸಿದ.

“ಒಂದ ಮಾತೋ ಭೀಮಶಿ. ನೀರ ನಿಂತಕೂಡ್ಲೆ ನೀ ಒದರಬೇಕು. ಒದರದಿದ್ದರ ನನಗ ಗೊತ್ತಾಗಂಗಿಲ್ಲ.”

“ಏನಂತ ಒದರಲಿ?”

ಗಂಗಪ್ಪ ಬಟ್ಟಲು ಕೆಳಗಿಟ್ಟ.

“ನಿಂತತು ಅನ್ನು. ಅಷ್ಟ ಸಾಕು.”