ಪುಣೆಗೆ ಹೋದ ಸಿಹಿನೀರು

೧೯೬೪ರ ಏಪ್ರಿಲ್ ತಿಂಗಳಲ್ಲಿ ಜಲವೀರ ಇಂಜಿನ್ ಕಂಪನಿಯ ಹತ್ತು ರೂಪಾಯಿಯ ಶೇರು ನಲವತ್ತೇಳಕ್ಕೆ ಏರಿತ್ತು. ಅದೇ ತಿಂಗಳಲ್ಲಿ, ಸಿಂದಗಿಯ ಸುತ್ತಿನ ಬಾವಿಗಳ ಮೇಲೆ ಕೂಡಿಸಿದ್ದ ಆ ಕಂಪನಿಯ ಹನ್ನೊಂದು ಹೊಸ ಇಂಜಿನ್ನುಗಳ ಪೈಕಿ ಏಳು ಬಿರುಕು ಬಿಟ್ಟು ನಿಂತಿದ್ದವು. ಈ ಎರಡು ಸಂಗತಿಗಳೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವೇ ಎಂಬ ವಾದ ಬಸಂತರಾಯರ ಅಂಗಡಿಯ ಕಟ್ಟೆಯ ಮೇಲೆ ದಿನವೂ ನಡೆಯುತ್ತಿತ್ತು.

ಬಸಂತರಾಯರು ಕಂಪನಿಯ ಏಜಂಟರು. ಅದರ ಇನ್ನೂರು ಶೇರುಗಳ ಒಡೆಯರು. ಹನ್ನೊಂದು ಇಂಜಿನ್ನುಗಳನ್ನೂ ಕೂಡಿಸಿದವನು ಫಿಟ್ಟರ ಮಶಾಕಸಾಬ. ಒಬ್ಬರ ಕೈಯಲ್ಲಿ ಮುಂಬೈಯ ಪತ್ರಿಕೆ, ಇನ್ನೊಬ್ಬನ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ.

"ನಲವತ್ತೇಳು, ಮಿಸ್ತ್ರಿ!" ಎಂದರು ಬಸಂತರಾಯರು, ಪತ್ರಿಕೆಯನ್ನು ಬೆರಳಿನಿಂದ ಬಡಿದು. "ಮುಂಬೈ ಮಂದಿಗೆ ಏನು ಹುಚ್ಚು ಹಿಡದೈತೇನು? ಕೆಟ್ಟ ಮಾಲಿಗೆ ಯಾರರೆ ಇಷ್ಟು ಕೊಡ್ತಾರ?"

"ಮುಂಬೈ ಮಂದಿ ಶೇರು ತೊಗೊಂಡಾರ್ರಿ ಸಾವಕಾರ್ರ. ಇಂಜಿನ್ ತೊಗೊಂಡಿಲ್ಲ."

ಕಟ್ಟೆಯ ಮೇಲಿದ್ದವರು ನಕ್ಕರು. ಮಶಾಕಸಾಬ ನಗಲಿಲ್ಲ. ಅವನ ಅಂಗಿಯ ಕಿಸೆಯಲ್ಲಿ ಕಂಪನಿಯ ಪತ್ರವಿತ್ತು. ಇಂಜಿನ್ನುಗಳು ಒಡೆಯಲು ಫಿಟ್ಟರನ ಅಜಾಗ್ರತೆಯೇ ಕಾರಣವೆಂದು ಮೇಲ್ನೋಟಕ್ಕೆ ಕಾಣುತ್ತದೆ. ಸೋಮವಾರ ಇಂಜಿನಿಯರರು ಬಂದು ವಿಚಾರಣೆ ಮಾಡುವರು. ತಪ್ಪು ಸಾಬೀತಾದರೆ ಅವನ ಪ್ರಮಾಣಪತ್ರವನ್ನು ರದ್ದುಮಾಡಿ ಎಲ್ಲ ಏಜಂಟರಿಗೂ ತಿಳಿಸಲಾಗುವುದು ಎಂದು ಅದರಲ್ಲಿ ಬರೆದಿತ್ತು. ಇಪ್ಪತ್ತೆರಡು ವರ್ಷ ದುಡಿದ ಹೆಸರು. ಇಂಡಿ ತಾಲ್ಲೂಕಿನಿಂದ ಮುದ್ದೇಬಿಹಾಳದವರೆಗೆ ಆ ಹೆಸರಿನ ಮೇಲೆಯೇ ಅವನನ್ನು ಕರೆಯುತ್ತಿದ್ದರು. ಅದು ಹೋದರೆ ಮತ್ತೊಂದನ್ನು ಗಳಿಸಲು ಇನ್ನೊಂದು ಇಪ್ಪತ್ತೆರಡು ವರ್ಷ ಅವನ ಬಳಿ ಇರಲಿಲ್ಲ.

ಬಸಂತರಾಯರು ಕಂಪನಿಯ ವಾರ್ಷಿಕ ವರದಿಯನ್ನು ತೆಗೆದು, ಇಂಗ್ಲಿಷಿನಲ್ಲಿದ್ದುದನ್ನು ಕನ್ನಡಕ್ಕಿಳಿಸುತ್ತ ಓದಿದರು. "ಕೇಳ್ರಿ ಎಲ್ಲಾರೂ. ಹೊಸ ಇಂಜಿನ್ನಿನ ಹೆಡ್ಡು ಕುಳ್ಳಗೆ ಮಾಡಿ, ಒಂದೊಂದಕ್ಕ ನಾಕು ಪೌಂಡು ಬೀಡು ಉಳಿಸ್ಯಾರ. ಅದಕ್ಕ ಲಾಭ ಇಮ್ಮಡಿ ಆಗೈತಿ. ಶೇರು ಸುಮ್ಮನ ಏರ್ತೈತೇನು? ಬುದ್ಧಿ ಬೇಕು, ಬುದ್ಧಿ!"

ಹೆಡ್ಡೆಂದರೆ ಇಂಜಿನ್ನಿನ ನೆತ್ತಿಯ ಮೇಲೆ ಕೂರುವ ಬೀಡಿನ, ಅಂದರೆ ಎರಕದ ಕಬ್ಬಿಣದ, ಗಟ್ಟಿ. ಅದರ ಹೊಟ್ಟೆಯೊಳಗೆ ಬಾವಿಯ ನೀರು ಹರಿದು ಇಂಜಿನ್ನನ್ನು ತಣ್ಣಗಿಡಬೇಕು. ಏಳೂ ಇಂಜಿನ್ನುಗಳು ಬಿರುಕು ಬಿಟ್ಟದ್ದು ಅಲ್ಲಿಯೇ. ಮಶಾಕಸಾಬ ಪಾನಾವನ್ನು ಚೀಲಕ್ಕೆ ಹಾಕಿ ಎದ್ದ.

"ಹೊಂಟ್ಯಾ? ವಾದ ಸೋತ್ಯೇನು?"

"ಅಳತಿ ಮಾಡಾಕ ಹೊಂಟೇನ್ರಿ," ಎಂದನು ಅವನು.

ಅವನು ನೇರವಾಗಿ ಹೋದದ್ದು ಲಕ್ಕವ್ವನ ಹೊಲಕ್ಕೆ. ಆಕೆಯ ಬಾವಿಯ ಮೇಲೆ ಅದೇ ಕಂಪನಿಯ ಹಳೆಯ ಮಾದರಿಯ ಇಂಜಿನ್ನಿತ್ತು. ೧೯೫೮ರಲ್ಲಿ ಕೂಡಿಸಿದ್ದು, ಆರು ವರ್ಷಗಳಲ್ಲಿ ಒಂದು ಬಿರುಕನ್ನೂ ಕಂಡಿರಲಿಲ್ಲ. ಆಕೆಯ ಅಪ್ಪಣೆ ಪಡೆದು ಅದರ ಹೆಡ್ಡನ್ನು ಬಿಚ್ಚಿ, ನೀರಿನ ದಾರಿಯನ್ನು ಅಳೆದನು: ಅರ್ಧ ಇಂಚು. ತನ್ನ ಚೀಲದಲ್ಲಿದ್ದ ಒಡೆದ ಹೊಸ ಹೆಡ್ಡನ್ನು ಅಳೆದನು: ಕಾಲು ಇಂಚು. ಅಗಲ ಅರ್ಧಕ್ಕಿಳಿದರೆ ಹರಿಯುವ ಜಾಗ ಅರ್ಧಕ್ಕಿಳಿಯುವುದಿಲ್ಲ, ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಇದನ್ನು ಅವನಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ಅರ್ಧ ಇಂಚಿನ ಒಂದು ನಳಿಗೆಗೆ ಕಾಲು ಇಂಚಿನ ನಾಲ್ಕು ಬೇಕೆಂಬುದನ್ನು ಕೈಯೇ ಕಲಿಸಿತ್ತು.

ಮನೆಗೆ ಬಂದು ಒಡೆದ ಹೆಡ್ಡನ್ನು ಗರಗಸದಿಂದ ಸೀಳಿದಾಗ, ದಾರಿಯ ತುಂಬ ಬಿಳಿಯ ಹಕ್ಕಳೆ ಕಂಡಿತು. ಅವನ ಹೆಂಡತಿ ಹಜರಾಬಿ ಅದನ್ನು ಉಗುರಿನಿಂದ ಕೆರೆದು ನೋಡಿದಳು.

"ಇದು ನಮ್ಮ ನೀರ ಕಾಸೋ ಹಂಡ್ಯಾಗ ಕೂಡ್ತೈತಲ್ರಿ, ಅದ ಅಲ್ಲೇನು? ಸವಳು ನೀರಿನ ಸುಣ್ಣ."

"ಅದs. ಆದ್ರ ಇಲ್ಲಿ ನೀರಾಗ ಸುಣ್ಣ ಇಲ್ಲ ಅಂತ ಕಂಪನಿಯವರು ಬರದಾರ. ಪರೀಕ್ಷಾ ಮಾಡೇವಿ ಅಂತಾರ."

"ಯಾರ ಮಾಡ್ಯಾರ? ಅವರು ಈ ನೀರಾಗ ಅಡಗಿ ಮಾಡ್ಯಾರೇನು?" ಎಂದು ಹಜರಾಬಿ ಒಲೆಯ ಕಡೆ ತಿರುಗಿದಳು.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಕಂಪನಿಯ ಜೀಪು ಬಂದಿತು. ಇಂಜಿನಿಯರ ಗಲಗಲಿಯವರು ಈ ಜಿಲ್ಲೆಯಲ್ಲೇ ಹುಟ್ಟಿ ಪುಣೆಯ ಕಂಪನಿ ಕಚೇರಿ ಸೇರಿದವರು. ಮಾತು ಕಡಿಮೆ, ಕಡತ ದೊಡ್ಡದು. ಅಂಗಡಿಯ ಅಂಗಳದಲ್ಲಿ ಇಂಜಿನ್ ಕೊಂಡ ಹನ್ನೊಂದು ಜನ ರೈತರೂ ನೆರೆದಿದ್ದರು. ಹೆಂಗಸರು ಬಾಗಿಲ ಬಳಿ ಗುಂಪಾಗಿ ನಿಂತಿದ್ದರು.

ಮಶಾಕಸಾಬ ಸೀಳಿದ ಹೆಡ್ಡನ್ನು ಮುಂದಿಟ್ಟನು. ಗಲಗಲಿಯವರು ಅದನ್ನು ನೋಡಿ ತಲೆಯಾಡಿಸಿದರು.

"ಸುಣ್ಣ ಕೂತದ್ದು ಖರೆ. ಅಂದ್ರ ನೀ ತೊಳದಿಲ್ಲ ಅಂತ ಆತು. ಐದುನೂರು ತಾಸಿಗೊಮ್ಮೆ ತೊಳೀಬೇಕಂತ ಪುಸ್ತಕದಾಗ ಬರದೇವಿ."

"ಇಲ್ಲಿ ಅಣ್ಣತಮ್ಮಂದಿರು ಒಂದ ಬಾವಿಗೆ ಪಾಳಿ ಹಚ್ಚಿ ದಿನಕ್ಕ ಇಪ್ಪತ್ತು ತಾಸು ಓಡಸ್ತಾರ್ರಿ. ಐದುನೂರು ತಾಸಂದ್ರ ಇಪ್ಪತ್ತೈದು ದಿನ. ನಾ ಇಪ್ಪತ್ತನೇ ದಿನಕ್ಕ ತೊಳದೇನಿ. ಕೇಳ್ರಿ ಇವರ್ನ."

ರೈತರು ಹೌದೆಂದರು. ಗಲಗಲಿಯವರು ಕಡತ ತೆರೆದರು. "ಹಂಗಾದ್ರ ಇಷ್ಟು ಸುಣ್ಣ ಎಲ್ಲಿಂದ ಬಂತು? ಎರಡು ವರ್ಷದ ಹಿಂದ, ಇಂಜಿನ್ ಕೊಡೂ ಮೊದಲ, ಈ ಹನ್ನೊಂದೂ ಬಾವಿಯ ನೀರು ಬಾಟ್ಲಿಯೊಳಗ ತರಿಸಿ ಪರೀಕ್ಷಾ ಮಾಡೇವಿ. ನೀರು ಛಲೋ ಐತಿ. ನೋಡು ಬೇಕಾದ್ರ, ಈ ಅಂಕಿ ಸುಣ್ಣದ ಲೆಕ್ಕ."

ಮಶಾಕಸಾಬನಿಗೆ ಇಂಗ್ಲಿಷ್ ಬಾರದು, ಅಂಕಿಗಳು ಬರುತ್ತಿದ್ದವು. ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದನು. ಹದಿಮೂರು, ಹದಿಮೂರು, ಹದಿಮೂರು. ಹನ್ನೊಂದು ಸಾಲಿನಲ್ಲಿಯೂ ಹದಿಮೂರು. ಬೆರಳು ಅಲ್ಲಿಯೇ ನಿಂತಿತು.

"ಸಾಹೇಬ್ರ, ಹನ್ನೊಂದು ಬಾವಿ ಹನ್ನೊಂದು ಕಡೆ ಅದಾವು. ಒಂದರಿಂದ ಒಂದಕ್ಕ ಮೈಲುಗಟ್ಟಲೆ ದೂರ ಐತಿ. ಎಲ್ಲಾದ್ರೊಳಗೂ ಹದಿಮೂರs ಹೆಂಗ ಬಂತ್ರಿ?"

ಗಲಗಲಿಯವರು ಕನ್ನಡಕವನ್ನು ಸರಿಪಡಿಸಿಕೊಂಡರು. ಮಶಾಕಸಾಬ ರೈತರ ಕಡೆ ತಿರುಗಿದನು. ಹನ್ನೊಂದು ಜನರೂ ನೆಲ ನೋಡುತ್ತಿದ್ದರು. ಕೊನೆಗೆ ದೇವರ ಹಿಪ್ಪರಗಿಯ ಶ್ರೀಶೈಲಪ್ಪ ಕೆಮ್ಮಿದನು.

"ಏನಿಲ್ಲರಿ... ನೀರು ಪುಣೆಕ್ಕ ಹೋಗ್ತೈತಿ ಅಂದ್ರು. ಊರ ಮರ್ಯಾದಿ ಪ್ರಶ್ನಾ. ಬೀಗರು ಬಂದ್ರ ಸವಳು ನೀರು ಕೊಡಂಗಿಲ್ಲ ನಾವು. ಅಷ್ಟು ದೊಡ್ಡ ಕಂಪನಿಗೆ ಹೆಂಗ ಕೊಡೂದು? ಅದಕ್ಕ ನಾ ಬಾಟ್ಲಿ ಹಿಡಕೊಂಡು ಸಿಂದಗಿಗೆ ಬಂದು ಊರ ಅಗಸಿ ಬಾಗಲ ಮುಂದಿನ ಸಿಹಿನೀರ ಬಾವ್ಯಾಗ ತುಂಬಿದ್ನಿ."

"ನಾನೂ ಅಲ್ಲೇ ತುಂಬಿದ್ನಿ," ಎಂದನು ಮತ್ತೊಬ್ಬ.

"ನಾನೂ."

"ನಮ್ಮದೂ ಅದರದ್ದs ಅನ್ರಿ."

ಹನ್ನೊಂದು ಜನರೂ ಒಪ್ಪಿಕೊಂಡರು. ಯಾರೂ ಯಾರಿಗೂ ಹೇಳದೆ, ಅತಿಥಿಗೆ ಸಲ್ಲುವ ನೀರನ್ನೇ ಕಂಪನಿಗೆ ಕಳಿಸಿದ್ದರು. ಒಂದೇ ಬಾವಿಯ ನೀರು ಹನ್ನೊಂದು ಹೆಸರಿನಲ್ಲಿ ಪುಣೆಗೆ ಹೋಗಿ ಬಂದಿತ್ತು.

ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಬಸಂತರಾಯರು. "ಅಂದ್ರ ಕಂಪನಿದು ತಪ್ಪಿಲ್ಲ! ತಪ್ಪು ಇವರ ಬಾಟ್ಲಿದು! ಶೇರಿಗೆ ಏನೂ ಆಗೂದಿಲ್ಲ ಅಂದಿದ್ನೋ ಇಲ್ಲೋ?"

"ತಡೀರಿ ಸಾವಕಾರ್ರ," ಎಂದನು ಮಶಾಕಸಾಬ. "ಲಕ್ಕವ್ವನ ಬಾವಿ ನೀರು ಎಲ್ಲಾದಕ್ಕಿಂತ ಸವಳು. ಇಂಜಿನ್ ನಿಮ್ಮ ಕಂಪನಿದs. ಆರು ವರ್ಷ ಆತು, ಕೂದಲೆಳಿ ಬಿರುಕಿಲ್ಲ. ಅದರ ದಾರಿ ಅರ್ಧ ಇಂಚು, ಇದರದು ಕಾಲು. ನಾಕು ಪೌಂಡು ಬೀಡು ಉಳಿಸಿದ್ದು ಇಲ್ಲೇ. ಆ ಬೀಡs ನಿಮ್ಮ ಪೇಪರದಾಗ ನಲವತ್ತೇಳು ಆಗೈತಿ."

ಲಕ್ಕವ್ವನಿಂದ ಕೇಳಿ ತಂದಿದ್ದ ಹಳೆಯ ಹೆಡ್ಡನ್ನು ಚೀಲದಿಂದ ತೆಗೆದಿಟ್ಟನು. ಗಲಗಲಿಯವರು ಎರಡು ಹೆಡ್ಡುಗಳನ್ನೂ ಅಳೆದರು. "ಅಳತಿ ಖರೆ ಐತಿ," ಎಂದರು. "ಆದ್ರ ಯಾವ ನೀರು ಸವಳು, ಯಾವುದು ಅಲ್ಲ, ಅದಕ್ಕ ಪುರಾವೆ ಬೇಕು. ಬಾಟ್ಲಿ ಮತ್ತ ಪುಣೆಕ್ಕ ಹೋದ್ರ ಒಂದು ತಿಂಗಳು. ನನ್ನ ವರದಿ ಇವತ್ತ ಹೋಗಬೇಕು."

"ತಿಂಗಳು ಯಾಕ್ರಿ?" ಬಾಗಿಲ ಬಳಿಯಿಂದ ಹಜರಾಬಿಯ ದನಿ ಬಂದಿತು. "ಬ್ಯಾಳಿ ಹಾಕ್ರಿ. ಒಂದು ತಾಸು ಸಾಕು."

ಗಂಡಸರು ತಿರುಗಿ ನೋಡಿದರು. ಹಜರಾಬಿ ಸೆರಗನ್ನು ಸರಿಪಡಿಸಿಕೊಂಡು ಮುಂದೆ ಬಂದಳು.

"ಸವಳು ನೀರಾಗ ತೊಗರಿ ಬ್ಯಾಳಿ ಬೇಯೂದಿಲ್ಲರಿ ಸಾಹೇಬ್ರ. ಇಲ್ಲಿ ಯಾವ ಹೆಣಮಗಳನ್ನ ಕೇಳಿದ್ರೂ ಹೇಳ್ತಾಳ. ಎಲ್ಲಾ ಬಾವಿ ನೀರು ತರಸ್ರಿ. ಯಾವ ಗಡಿಗಿ ಯಾವ ಬಾವಿದು ಅಂತ ನನಗ ಹೇಳಬ್ಯಾಡ್ರಿ. ಯಾವ ಇಂಜಿನ್ ಒಡದಾವು ಅಂತ ನಾ ಹೇಳ್ತೇನಿ."

"ಇಂಜಿನ್ನಿನ ಪರೀಕ್ಷಾ ಒಲಿ ಮ್ಯಾಲ?" ಎಂದು ಬಸಂತರಾಯರು ನಕ್ಕರು.

ಗಲಗಲಿಯವರು ನಗಲಿಲ್ಲ. ತಮ್ಮ ತಾಯಿಯೂ ಬೇಳೆಗೆಂದು ದೂರದ ಬಾವಿಯಿಂದ ಒಂದು ಕೊಡ ಬೇರೆಯೇ ತರುತ್ತಿದ್ದುದು ಅವರಿಗೆ ನೆನಪಿತ್ತು. ಜೀಪಿನ ಚಾಲಕನನ್ನು ಕರೆದು, ಲಕ್ಕವ್ವನ ಬಾವಿಯದೂ ಸೇರಿ ಹನ್ನೆರಡು ಕಡೆಯ ನೀರು ತರಲು ತಾವೇ ಜೊತೆಗೆ ಹೊರಟರು.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಕಲ್ಲುಗಳಿಂದ ಹನ್ನೆರಡು ಒಲೆಗಳು ಸಿದ್ಧವಾದವು. ಹನ್ನೆರಡು ಗಡಿಗೆಗಳ ಮೇಲೆ ಸೀಮೆಸುಣ್ಣದಲ್ಲಿ ಅಂಕಿಗಳು. ಯಾವ ಅಂಕಿ ಯಾವ ಬಾವಿಯದೆಂಬ ಪಟ್ಟಿ ಗಲಗಲಿಯವರ ಕಿಸೆಯಲ್ಲಿ. ಒಂದೇ ಚೀಲದ ಬೇಳೆ, ಒಂದೇ ಬಟ್ಟಲಿನ ಅಳತೆ, ತೂಕ ಮಾಡಿಟ್ಟ ತೊಗರಿ ಕಟ್ಟಿಗೆ. ನೆರೆಹೊರೆಯ ಹೆಂಗಸರು ಒಂದೊಂದು ಒಲೆಗೆ ಒಬ್ಬರಂತೆ ಕುಳಿತರು. ಗಲಗಲಿಯವರು ಗಡಿಯಾರ ನೋಡಿ "ಹಚ್ಚ್ರಿ" ಎಂದರು.

ಆ ಒಂದು ತಾಸು ಮಶಾಕಸಾಬನಿಗೆ ಇಪ್ಪತ್ತೆರಡು ವರ್ಷಕ್ಕಿಂತ ಉದ್ದವಾಯಿತು. ಕೈಯಲ್ಲಿ ಕೆಲಸವಿಲ್ಲದೆ ನಿಲ್ಲುವುದು ಅವನಿಗೆ ಗೊತ್ತಿರಲಿಲ್ಲ. ಹಜರಾಬಿ ಮಾತ್ರ ಒಮ್ಮೆಯೂ ಅವನ ಕಡೆ ನೋಡಲಿಲ್ಲ.

ತಾಸು ಮುಗಿಯಿತು. ಆಕೆ ಒಂದೊಂದು ಗಡಿಗೆಯಿಂದ ನಾಲ್ಕು ಬೇಳೆ ತೆಗೆದು ಬೆರಳುಗಳ ನಡುವೆ ಒತ್ತಿದಳು. ಬೆಂದವನ್ನು ಎಡಕ್ಕೆ, ಬೇಯದವನ್ನು ಬಲಕ್ಕೆ ಸರಿಸಿದಳು. ಎಡಕ್ಕೆ ಮೂರು, ಬಲಕ್ಕೆ ಒಂಬತ್ತು.

ಗಲಗಲಿಯವರು ಪಟ್ಟಿ ತೆಗೆದರು. ಬಲಗಡೆಯ ಗಡಿಗೆಗಳ ಅಂಕಿಗಳನ್ನು ಒಂದೊಂದಾಗಿ ಓದಿದರು. ಲಕ್ಕವ್ವನ ಬಾವಿ ಅಲ್ಲಿತ್ತು. ಒಡೆದ ಇಂಜಿನ್ನುಗಳ ಏಳು ಬಾವಿಗಳೂ ಅಲ್ಲಿದ್ದವು. ಒಂದೂ ಆಚೀಚೆಯಾಗಿರಲಿಲ್ಲ. ಆದರೆ ಇನ್ನೊಂದು ಗಡಿಗೆ ಉಳಿಯಿತು: ನಾಲ್ಕನೆಯ ಅಂಕಿ, ಶ್ರೀಶೈಲಪ್ಪನ ಬಾವಿ.

"ಏಳಕ್ಕ ಎಂಟು!" ಬಸಂತರಾಯರು ಎದ್ದು ನಿಂತರು. "ಶ್ರೀಶೈಲಪ್ಪನ ಇಂಜಿನ್ ಝಕಾಸ್ ಓಡಾಕತ್ತೈತಿ. ಲೆಕ್ಕ ತಪ್ಪಿತು, ಹಜರಾಬಿ!"

"ನನ್ನ ಲೆಕ್ಕ ತಪ್ಪಿಲ್ಲರಿ ಅಣ್ಣಾರ," ಎಂದಳು ಹಜರಾಬಿ. "ಅದು ಇನ್ನೂ ಒಡದಿಲ್ಲ, ಅಷ್ಟ."

ಎರಡೇ ತಿಂಗಳ ಹಿಂದೆ, ಶಿವರಾತ್ರಿಗೆ, ಕೂಡಿಸಿದ ಇಂಜಿನ್ನು ಅದು. ಗಲಗಲಿಯವರು ಜೀಪಿನ ಕಡೆ ಕೈ ಮಾಡಿದರು. ಜೀಪು ಮುಂದೆ, ಬಸಂತರಾಯರ ಮೋಟಾರು ಹಿಂದೆ, ಅದರ ಹಿಂದೆ ಸೈಕಲ್ಲುಗಳು ದೇವರ ಹಿಪ್ಪರಗಿಯ ಹಾದಿ ಹಿಡಿದವು.

ಹೊಲದಲ್ಲಿ ಇಂಜಿನ್ನು ಓಡುತ್ತಲೇ ಇತ್ತು. ಅದನ್ನು ನಿಲ್ಲಿಸಿ, ಆರಲು ಬಿಟ್ಟು, ಮಶಾಕಸಾಬ ಹೆಡ್ಡನ್ನು ಬಿಚ್ಚಿದನು. ನೀರಿನ ದಾರಿಯೊಳಗೆ ಗಲಗಲಿಯವರು ಬೆಂಕಿಕಡ್ಡಿ ತೂರಿಸಿದರು. ಕಡ್ಡಿ ಒಳಗೆ ಹೋಗಲಿಲ್ಲ.

"ಸುಣ್ಣ ಐತಿ, ಒಪ್ಪಿದ್ನಿ," ಎಂದರು ಬಸಂತರಾಯರು. "ಬಿರುಕು ಎಲ್ಲಿ?"

ಮಶಾಕಸಾಬ ಹೆಡ್ಡಿನ ಕೆಳಮೈಗೆ ಸೀಮೆಎಣ್ಣೆ ಸವರಿದನು. ಅದು ಇಂಗಲು ಬಿಟ್ಟು, ಬಟ್ಟೆಯಿಂದ ಒಣಗುವಂತೆ ಒರೆಸಿದನು. ಸೀಮೆಸುಣ್ಣವನ್ನು ಪುಡಿಮಾಡಿ ಮೇಲೆ ಉದುರಿಸಿದನು. ಎಲ್ಲರೂ ಬಗ್ಗಿದರು. ಬಿಳಿಯ ಪುಡಿಯ ಮೇಲೆ, ಒಳಗೆ ಅಡಗಿದ್ದ ಎಣ್ಣೆ ನಿಧಾನವಾಗಿ ಮೇಲೆ ಬಂದು, ಕೂದಲೆಳೆಯಷ್ಟು ತೆಳ್ಳನೆಯ ಕಪ್ಪು ಗೆರೆಯನ್ನು ಎಳೆಯಿತು. ಗೆರೆ ಒಂದು ಇಂಚು ಉದ್ದವಿತ್ತು.

"ಎಂಟು," ಎಂದರು ಗಲಗಲಿಯವರು.

ಸೈಕಲ್ಲಿನ ಮೇಲೆ ಬಂದವರು ಕೂಗಿದ ಕೂಗು ಪಕ್ಕದ ಹೊಲದ ಹಕ್ಕಿಗಳನ್ನು ಎಬ್ಬಿಸಿತು. ಗಲಗಲಿಯವರು ಅಲ್ಲಿಯೇ, ಪೈಪಿನ ಮೇಲೆ ಕುಳಿತು, ಕಡತವನ್ನು ಮೊಣಕಾಲ ಮೇಲಿಟ್ಟು ವರದಿ ಬರೆದರು. ಬರೆದುದನ್ನು ಕನ್ನಡದಲ್ಲಿ ಓದಿ ಹೇಳಿದರು: "ಫಿಟ್ಟರ ಮಶಾಕಸಾಬರ ಕೆಲಸದಲ್ಲಿ ಯಾವ ದೋಷವೂ ಇಲ್ಲ. ದೋಷವು ನಮ್ಮ ಹೊಸ ಹೆಡ್ಡಿನ ರಚನೆಯಲ್ಲಿದೆ. ಸುಣ್ಣದ ನೀರಿನ ಪ್ರದೇಶಗಳಿಗೆ ಅದನ್ನು ಮಾರಬಾರದು."

"ಇನ್ನೊಮ್ಮೆ ಓದ್ರಿ," ಎಂದನು ಶ್ರೀಶೈಲಪ್ಪ. ಗಲಗಲಿಯವರು ಇನ್ನೊಮ್ಮೆ ಓದಿದರು. ಮಶಾಕಸಾಬ ಎಣ್ಣೆಯ ಕೈಗಳನ್ನು ಒರೆಸಿಕೊಳ್ಳುತ್ತಲೇ ಇದ್ದನು. ಕೈ ಎಂದೋ ಸ್ವಚ್ಛವಾಗಿತ್ತು.

ಕಂಪನಿ ಎಂಟು ಹೆಡ್ಡುಗಳನ್ನೂ ಪುಕ್ಕಟೆಯಾಗಿ ಬದಲಿಸಲು ಒಪ್ಪಿತು. ಸುದ್ದಿ ಹರಡಿದ ವಾರ ಶೇರು ಮೂವತ್ತೆಂಟಕ್ಕೆ ಇಳಿಯಿತು. "ನಿನ್ನ ಹೆಂಡತಿ ಬ್ಯಾಳಿ ನನ್ನ ಒಂದೊಂದು ಶೇರಿಗೆ ಒಂಬತ್ತು ರೂಪಾಯಿ ತಿಂದ್ವು ನೋಡು," ಎಂದು ಬಸಂತರಾಯರು ಗೊಣಗಿದರು. ಆದರೆ ಅರ್ಧ ಇಂಚಿನ ಹೆಡ್ಡು ಬರುತ್ತದೆಂದು ತಿಳಿದ ರೈತರು ಒಂದೇ ತಿಂಗಳಲ್ಲಿ ಹತ್ತೊಂಬತ್ತು ಇಂಜಿನ್ನುಗಳಿಗೆ ಹೆಸರು ಬರೆಸಿದಾಗ ಅವರ ಗೊಣಗಾಟ ನಿಂತಿತು. ಹತ್ತೊಂಬತ್ತು ಜನರೂ ಹೇಳಿದ್ದು ಒಂದೇ ಮಾತು: ಕೂಡಿಸುವವನು ಮಶಾಕಸಾಬನೇ ಆಗಬೇಕು.

ಜುಲೈಯಲ್ಲಿ ಹೆಡ್ಡುಗಳು ಬಂದವು. ಮೊದಲನೆಯದನ್ನು ಶ್ರೀಶೈಲಪ್ಪನ ಇಂಜಿನ್ನಿಗೆ ಕೂಡಿಸಿದರು. ಇಂಜಿನ್ನನ್ನು ಹಚ್ಚಲು ಎರಡು ಕೈ ಸಾಲದು: ಒಬ್ಬರು ಹ್ಯಾಂಡಲ್ ತಿರುವಬೇಕು, ವೇಗ ಬಂದ ಕ್ಷಣಕ್ಕೆ ಸರಿಯಾಗಿ ಇನ್ನೊಬ್ಬರು ಮೇಲಿನ ಕೊಂಡಿಯನ್ನು ಬೀಳಿಸಬೇಕು. ಕೊಂಡಿಗೆ ಬಸಂತರಾಯರು ಕೈ ಚಾಚಿದರು.

"ನೀವು ಸರೀರಿ ಸಾವಕಾರ್ರ," ಎಂದನು ಶ್ರೀಶೈಲಪ್ಪ. "ನಮ್ಮಕ್ಕ ಬರ್ಲಿ."

ಹಜರಾಬಿ ಬಂದು ಕೊಂಡಿಯ ಮೇಲೆ ಬೆರಳಿಟ್ಟಳು. ಮಶಾಕಸಾಬ ಹ್ಯಾಂಡಲ್ ತಿರುವಿದನು. ಒಂದು, ಎರಡು, ಮೂರು. ಚಕ್ರ ವೇಗ ಹಿಡಿಯಿತು. "ಹೂಂ!" ಎಂದನು. ಆಕೆ ಕೊಂಡಿ ಬೀಳಿಸಿದಳು. ಇಂಜಿನ್ನು ಒಮ್ಮೆ ಗದರಿ, ಕಪ್ಪು ಹೊಗೆಯ ಒಂದು ಉಂಡೆಯನ್ನು ಆಕಾಶಕ್ಕೆ ಎಸೆದು, ಓಡತೊಡಗಿತು. ಪೈಪಿನ ಬಾಯಿಂದ ಸವಳು ನೀರು ತೋಳಿನಷ್ಟು ದಪ್ಪವಾಗಿ ಹೊರಬಿದ್ದು, ಕಾಲುವೆ ಹಿಡಿದು ಹೊಲದ ಕಡೆ ಹೊರಟಿತು.