ಹುಬ್ಬಿನ ಮಾತು

ನನ್ನ ಮಗಳು ಸೀಳು ಅಂಗುಳದೊಂದಿಗೆ ಹುಟ್ಟಿದವಳು. ವರ್ಷ ತುಂಬುವ ಹೊತ್ತಿಗೆ ಡಾಕ್ಟರು ಅದನ್ನು ಹೊಲಿದರು. ನಾನೂ ಹೊಲಿಗೆಯವಳೇ, ಹೊಲಿದ ಮೇಲೆ ಕೆಲಸ ಮುಗಿಯಿತು ಅಂದುಕೊಂಡೆ. ಇಂಥ ಮಕ್ಕಳಿಗೆ ಕಿವಿಯೊಳಗೆ ನೀರು ನಿಂತು ಕೇಳುವುದು ಕಡಿಮೆಯಾಗಬಹುದು, ಆಗಾಗ ಪರೀಕ್ಷೆ ಮಾಡಿಸಿ ಎಂದು ಅವರು ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಹಾಗಂತ ಪರೀಕ್ಷೆ ತಪ್ಪಿಸಿದವಳಲ್ಲ. ಹೋದ ವರ್ಷ, ಅವಳಿಗೆ ಐದಾಗಿದ್ದಾಗ, ಕರೆದುಕೊಂಡು ಹೋಗಿದ್ದೆ. ಪುಟ್ಟ ಕೋಣೆ, ಗೋಡೆಗೆ ಸ್ಪೀಕರು, ಅವಳ ಮುಂದೆ ತಟ್ಟೆ ತುಂಬ ಮಣಿ. ಶಬ್ದ ಕೇಳಿದಾಗಲೆಲ್ಲ ಒಂದು ಮಣಿ ಡಬ್ಬಿಗೆ ಹಾಕಬೇಕು. ನಾನು ಎದುರಿಗೇ ಕೂತಿದ್ದೆ.

ಹೊಲಿಗೆ ಮಷೀನಿನ ಗಲಾಟೆಯಲ್ಲಿ ನಮ್ಮ ಮನೆಯಲ್ಲಿ ಮಾತಿಗೆ ಜಾಗವಿಲ್ಲ. ಬಾ, ಬೇಡ, ಕತ್ತರಿ ಕೊಡು, ಎಲ್ಲವೂ ಹುಬ್ಬಿನಲ್ಲೇ. ಆಸ್ಪತ್ರೆ ಸುತ್ತಿ ಸುತ್ತಿ ನನಗೆ ಸಾಕುಸಾಕಾಗಿತ್ತು. ಒಂದಾದರೂ ಪಾಸಾಗಲಿ ಎಂದು ಶಬ್ದ ಬಂದಾಗಲೆಲ್ಲ ಹುಬ್ಬು ಏರಿಸಿದೆ. ಹತ್ತಕ್ಕೆ ಹತ್ತು ಮಣಿ ಬಿದ್ದವು. ಕಿವಿ ಚೆನ್ನಾಗಿದೆ ಅಂದರು, ನಾನೂ ನಂಬಿದೆ. ನಾನೇ ಹೇಳಿಕೊಟ್ಟದ್ದನ್ನು ನಾನೇ ನಂಬಿದ ಜಾಣೆ.

ಆಮೇಲೆ ವರ್ಷವಿಡೀ ಬೈಗುಳ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಪಾಠದಲ್ಲಿ ಗಮನವಿಲ್ಲ ಎಂದು ಟೀಚರ ದೂರು. ಮೊಂಡುತನ ಅಂದುಕೊಂಡು ಒಮ್ಮೆ ಕೆನ್ನೆಗೆ ಹೊಡೆದೆ. ಅವಳು ಅಳಲಿಲ್ಲ. ನಾನು ಏನಂದೆ ಎಂದು ತಿಳಿಯಲು ನನ್ನ ಮುಖವನ್ನೇ ನೋಡಿದಳು.

ಇವತ್ತು ಟೀಚರ ಒತ್ತಾಯಕ್ಕೆ ಮತ್ತೆ ಅದೇ ಕೋಣೆ. ಪರೀಕ್ಷೆ ಮಾಡುವವಳು ಹೊಸಬಳು. ನನ್ನನ್ನು ಮಗಳ ಬೆನ್ನ ಹಿಂದೆ ಕೂರಿಸಿದಳು.

ಮೊದಲ ಶಬ್ದ ಬಂತು. ಮಣಿ ಬೀಳಲಿಲ್ಲ. ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ. ಮಗಳು ಮೆಲ್ಲಗೆ ತಿರುಗಿ ನನ್ನ ಹುಬ್ಬು ನೋಡಿದಳು. ಒಮ್ಮೆ ಏರಿಸಿದರೆ ಸಾಕು, ಮನೆಗೆ ಹೋಗಬಹುದು. ಇನ್ನೊಂದು ಆಪರೇಷನ್ ಇಲ್ಲ, ಇನ್ನೊಂದು ಕಾಯುವ ಬೆಂಚು ಇಲ್ಲ. ನಾನು ಅಷ್ಟು ದಣಿದಿದ್ದೆ. ಆದರೂ ಹಣೆಯ ಮೇಲೆ ಅಂಗೈ ಇಟ್ಟು ಹುಬ್ಬನ್ನು ಮುಚ್ಚಿಕೊಂಡೆ.

ಶಬ್ದ ಏರುತ್ತಾ ಹೋಯಿತು. ನಾನು ಬೆಚ್ಚಿಬೀಳುವಷ್ಟು ಜೋರಾದಾಗ ಒಂದು ಮಣಿ ಬಿತ್ತು.

ಪರೀಕ್ಷೆ ಮಾಡುವವಳು ಹೋದ ವರ್ಷದ ಚೀಟಿ ನೋಡಿ, ಆಗ ಎಲ್ಲವೂ ಕೇಳಿಸಿದ್ದು ಹೇಗೆ ಎಂದು ಕೇಳಿದಳು.

"ಆವಾಗ ಕೇಳಿಸಿದ್ದು ನಂಗೆ ಮೇಡಂ, ಅವಳಿಗಲ್ಲ," ಅಂದೆ.

ಅವಳು ಬೈಯಲಿಲ್ಲ. ಕಿವಿಯ ನೀರು ಹೊರಬರಲು ಸಣ್ಣ ಕೊಳವೆ ಹಾಕಬೇಕಾಗಬಹುದು, ಡಾಕ್ಟರನ್ನು ನೋಡಿ ಎಂದು ಬರೆದುಕೊಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬೆಂಚಿನ ಮೇಲೆ ಕೂರಿಸಿ ಚಪ್ಪಲಿ ಹಾಕುತ್ತಿದ್ದಾಗ ಮಗಳು ಮೂಗಿನ ದನಿಯಲ್ಲಿ ಕೇಳಿದಳು: "ಅಮ್ಮಾ, ನಾನು ತಪ್ಪು ಮಾಡಿದ್ನಾ?"

"ಇಲ್ಲ ಪುಟ್ಟಿ, ನಾನು ಮಾಡಿದ್ದು."

ಹೇಳುವಾಗ ತಲೆ ಬಗ್ಗಿಸಿ ಚಪ್ಪಲಿಯ ಪಟ್ಟಿ ಎಳೆಯುತ್ತಿದ್ದೆ. ಎಳೆದು ಮುಗಿಸಿ ನೋಡಿದರೆ, ಅವಳು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. ಅವಳ ಗಲ್ಲ ಹಿಡಿದು, ಮುಖಕ್ಕೆ ಮುಖ ಕೊಟ್ಟು, ಮತ್ತೊಮ್ಮೆ ಹೇಳಿದೆ.