ರವದಿಯೊಳಗಿನ ಹಸಿರು

ಮೊಣಕೈ ಮೇಲೆ ಒಂದು ಕೂತಿತು, ಕೂರಲಿ, ಕಚ್ಚಲಿ, ಸಂಜೆಯ ಹೊತ್ತು ಗಂಗಾಂಬಿಕೆಯ ಕೆಲಸವೇ ಇದು, ಗಲಗಲಿಯ ಹೊಲದಲ್ಲಿ ತೋಳು ಬರಿದು ಮಾಡಿ ಕೂರುವುದು, ಕಚ್ಚಲು ಬಂದ ಸೊಳ್ಳೆಯನ್ನು ಗಾಜಿನ ಕೊಳವೆಯೊಳಗೆ ಉಸಿರೆಳೆದು ಹಿಡಿಯುವುದು – ಆದರೆ ಇವತ್ತು ಕೂತಿರುವುದು ಹಿಡಿಯಲಿಕ್ಕಲ್ಲ, ಏಳದೆ ಇರಲಿಕ್ಕೆ. ಕೆಳಗೆ ರವದಿ, ಕಬ್ಬು ಕಡಿದ ಮೇಲೆ ಉಳಿದ ಸೋಗೆ, ಮೇಲೆ ಒಣಗಿ ಚುಚ್ಚುತ್ತದೆ, ಒಳಗೆ ಕೈ ಹಾಕಿದರೆ ತಣ್ಣಗೆ, ಹಸಿ, ಅಲ್ಲೇ ಇದ್ದಾಳೆ ಅವಳು, ರೆಕ್ಕೆಯಿಲ್ಲದ ಹೆಣ್ಣು ಮಿಂಚುಹುಳು – ಬದುವಿನ ಮೇಲೆ ಬಾಳಾಸಾಹೇಬ ಕಾಕಾ, ಕೈಯಲ್ಲಿ ಕಡ್ಡಿಪೆಟ್ಟಿಗೆ. ಏಳ ಬೇ ಗಂಗಾ, ಬೆಂಕಿ ಹಚ್ಚಬೇಕು. ಏಳೂದಿಲ್ಲರಿ ಕಾಕಾ. ಎಮ್ಮಿ ಬಾಲ ಬೀಸಿ ಬೀಸಿ ದಣದಾವ, ಹುಡುಗೂರ ಕಣ್ಣಿಗಿ ನಿದ್ದಿ ಇಲ್ಲ, ಈ ರವದಿ ಸುಟ್ಟರ ಗುಂಗಾಡ ಹೋಗತಾವ. ಸೊಳ್ಳೆ ಹೋಗುವುದಿಲ್ಲ, ಪಕ್ಕದ ಪ್ರಭುಲಿಂಗ ಹೋದ ವರ್ಷ ಸುಟ್ಟನಲ್ಲ, ಅವನ ಮನೆಯವರು ಈಗಲೂ ಮೈ ಕೆರೆದುಕೊಳ್ಳುತ್ತಿದ್ದಾರೆ, ಸೊಳ್ಳೆ ಹುಟ್ಟುವುದು ಕಾಲುವೆ ಪಕ್ಕದ ಗುಂಡಿಯ ನಿಂತ ನೀರಿನಲ್ಲಿ, ಕರೆದುಕೊಂಡು ಹೋಗಿ ಮರಿ ಆಡಾಕತ್ತಾವ ನೋಡ್ರಿ ಅಂದರೆ ಕಾಕಾ ಹೂಂ ಅಂದು ಎಲೆ ಅಡಿಕೆ ಹಾಕಿಕೊಂಡರು. ಗುಂಡಿ ಮುಚ್ಚುವುದು ಮೈಮುರಿಯುವ ಕೆಲಸ, ಕಡ್ಡಿ ಗೀರುವುದು ಸಲೀಸು. ಪ್ರಭುಲಿಂಗನ ಹೊಲದಿಂದ ಹೋದದ್ದು ಮಿಂಚುಹುಳುಗಳ ಬೆಳಕೊಂದೇ, ಅತ್ತ ನೋಡಲೂ ಮನಸ್ಸಾಗುವುದಿಲ್ಲ.

ಕಚ್ಚುವ ಹುಳಕ್ಕೆ ಅನುದಾನ ಸಿಗುತ್ತದೆ ಮೇಡಂ, ಮಿನುಗುವುದನ್ನು ಕಟ್ಟಿಕೊಂಡು ಏನು ಮಾಡ್ತೀರಿ – ಸೊಳ್ಳೆ ಸಮೀಕ್ಷೆಯ ಆಫೀಸಿನ ದೊಡ್ಡವರು ನಕ್ಕಿದ್ದರು, ನಗಲಿ, ಒಂದೇ ಕೂರುವಿಕೆಯಲ್ಲಿ ಅವಳು ಎರಡೂ ಮಾಡುತ್ತಾಳೆ, ತೋಳು ಅವರ ಹುಳಕ್ಕೆ, ಕಣ್ಣು ತನ್ನದಕ್ಕೆ. ಅವ್ವನೂ ಹಾಗೇ, ಜಮಖಂಡಿಯಿಂದ ಹೆಣ್ಣು ನೋಡಲು ಬಂದ ದಿನ, ಉದ್ದ ತೋಳಿನ ಕುಬಸ ಹಾಕ್ಕೊ, ಕೈ ತುಂಬ ಗುಳ್ಳಿ ನೋಡಿ ಏನ್ ರೋಗಪಾ ಅಂತಾರ, ಅವಳು ಬೇಕೆಂದೇ ಗಿಡ್ಡ ತೋಳಿನದು ಹಾಕಿಕೊಂಡು ಚಹಾ ಕೊಟ್ಟಳು, ಹುಡುಗನ ತಾಯಿ ಇದೇನ್ರಿ ಅಂದರು, ಕೆಲಸ ರೀ ಅಂದಳು, ಅವರು ಮತ್ತೆ ಬರಲಿಲ್ಲ, ಅವ್ವ ಅತ್ತಳು, ತನಗೂ ಬೇಸರವಾಗಿತ್ತು, ಸುಳ್ಳೇಕೆ, ಆದರೂ ತೋಳು ಮುಚ್ಚಲಿಲ್ಲ, ಇವತ್ತು ಏಳುವುದೂ ಇಲ್ಲ.

ಕತ್ತಲಾಗುತ್ತಿದೆ, ಗಂಡುಗಳು ಎದ್ದವು, ಮಿನುಗಿ ಮಿನುಗಿ ಕೇಳುತ್ತಿವೆ, ಎಲ್ಲಿದ್ದಿ, ಎಲ್ಲಿದ್ದಿ, ಕೆಳಗಿನವಳು ತಕ್ಷಣ ಹೇಳುವುದಿಲ್ಲ, ಒಂದು ಉಸಿರಿನಷ್ಟು ತಡೆದು ಒಮ್ಮೆ ಮಿನುಗುತ್ತಾಳೆ, ಆ ತಡೆಯೇ ಗುರುತು, ನಮ್ಮವಳು ಅಂತ ಗಂಡಿಗೆ ತಿಳಿಯುವುದು ಅದರಿಂದ, ಅದನ್ನು ಅಳೆಯಲು ಎಷ್ಟು ಸಂಜೆ ರಕ್ತ ಕೊಟ್ಟು ಕೂತಿದ್ದಾಳೆ – ಬೆಂಕಿ ಬಂದರೆ ಗಂಡು ಹಾರೀತು, ಅವಳು ಎಲ್ಲಿಗೆ ಹಾರುತ್ತಾಳೆ. ಹೊಲ ನಂದೈತಿ ಬೇ, ಕಾಕಾನ ದನಿ ಏರಿತು. ಹೊಲ ನಿಮ್ಮದರಿ, ನಾ ನಿಮ್ಮ ಅಣ್ಣನ ಮಗಳರಿ, ಹಚ್ಚೂದಿದ್ದರ ಹಚ್ಚರಿ.

ಚರ್ – ಕಡ್ಡಿ ಹೊತ್ತಿತು, ಕಾಕಾನ ಮೀಸೆ, ಮೂಗು, ಎಲ್ಲ ಹಳದಿ, ಏಳುವುದಿಲ್ಲ, ಏಳುವುದಿಲ್ಲ – ಒಂದು ಉಸಿರು – ಪಾದದ ಹತ್ತಿರ, ಸೋಗೆಯ ಸಂದಿಯಿಂದ, ಹಸಿರು, ಒಮ್ಮೆ. ಕಡ್ಡಿಗೇ ಉತ್ತರ ಕೊಟ್ಟಳು ಹುಚ್ಚಿ, ಸುಡಲು ಬಂದ ಬೆಂಕಿಗೇ ಬಾ ಅಂದಳು. ಏನ ಬೇ ಅದು, ಅಂದರು ಕಾಕಾ. ಕಡ್ಡಿಯ ಉರಿ ಬೆರಳಿಗೆ ಬಂತು, ಝಾಡಿಸಿದರು, ಕತ್ತಲು. ಪೆಟ್ಟಿಗೆ ಅಲುಗಿದ ಸದ್ದು, ಇನ್ನೊಂದು ಗೀರಿದರು, ಈ ಸಲ ಕೈ ಮೇಲೆತ್ತಿ, ರವದಿಯಿಂದ ದೂರ ಹಿಡಿದು, ಅವಳ ಪಾದದತ್ತಲೇ ನೋಡಿ ಕಾಯುತ್ತಾ, ಕಾಯಲಿ, ಆದರೂ ಏಳುವುದಿಲ್ಲ – ಒಂದು ಉಸಿರು – ಪಾದದ ಹತ್ತಿರ ಹಸಿರು, ಒಮ್ಮೆ, ಹಸಿರು –